ಹೊಸ ಬಾಯ್ಲರ್ ಕೊಳ್ಳುವ ಮೊದಲು ಒಂದು ಬಕೆಟ್ ನೀರು ಹಿಡಿದು ನೋಡಿ

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಇದ್ದೇವೆ. 1980ರ ದಶಕದ, ಮೂರು ಬೆಡ್‌ರೂಮಿನ ಸೆಮಿ ಮನೆ, ಒಂದು ಗೋಡೆ ಪಕ್ಕದ ಮನೆಗೆ ಅಂಟಿದ್ದು. ನಾವಿಬ್ಬರು, ಇಬ್ಬರು ಮಕ್ಕಳು. ಒಂದು ಬಾತ್‌ರೂಮ್, ಜೊತೆಗೆ ನಮ್ಮ ಕೋಣೆಗೇ ಸೇರಿದ ಸಣ್ಣ ಶವರ್. ಮನೆ ಕೊಂಡಾಗಲೇ ಇದ್ದ 24 ಕಿಲೋವ್ಯಾಟಿನ ಕಾಂಬಿ ಬಾಯ್ಲರಿಗೆ ಈಗ 17 ವರ್ಷ. ಎರಡು ಚಳಿಗಾಲದಿಂದ ನಿಂತು ನಿಂತು ನಡೆಯುತ್ತಿದೆ, ಒಳಗೆ ಕೆಟಲ್ ಕುದಿದ ಹಾಗೆ ಸದ್ದು. ಉರಿಯ ಶಾಖವನ್ನು ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಹೋಗಿದೆ, ರಿಪೇರಿಗೆ 650 ಪೌಂಡ್ ಅಂದರು. ಹೊಸದಕ್ಕೆ ಮೂವರನ್ನು ಕೇಳಿದೆವು. ಒಬ್ಬರು 35 ಕಿಲೋವ್ಯಾಟ್ ಕಾಂಬಿ ಅಂದರು, ಇನ್ನೊಬ್ಬರು 30 ಸಾಕು ಅಂದರು, ಮೂರನೆಯವರು ಸಿಲಿಂಡರ್ ಇರುವ ಸಿಸ್ಟಂ ಬಾಯ್ಲರ್ ಅಂದರು. ಪಕ್ಕದ ಮನೆಯವರು ಹೀಟ್ ಪಂಪ್, ಅಂದರೆ ಹೊರಗಿನ ಶಾಖವನ್ನು ಕರೆಂಟಿನಿಂದ ಮನೆಯೊಳಗೆ ತರುವ ಯಂತ್ರ, ಹಾಕಿಸಿ ಅನ್ನುತ್ತಾರೆ. ಜನವರಿಯಲ್ಲಿ ಮೈನಸ್ 2ಕ್ಕೆ ಇಳಿದಿದ್ದ ದಿನ ಸ್ಮಾರ್ಟ್ ಮೀಟರ್ 110 ಯೂನಿಟ್ ಗ್ಯಾಸ್ ತೋರಿಸಿತ್ತು. ಅಕ್ಟೋಬರಿನಲ್ಲಿ ಅತ್ತೆ, ಮಾವ ಮೈಸೂರಿನಿಂದ ಆರು ತಿಂಗಳಿಗೆ ಬರುತ್ತಾರೆ. ಐದಾರು ವರ್ಷದಲ್ಲಿ ಮನೆ ಬದಲಿಸುವ ಯೋಚನೆಯೂ ಇದೆ. ಯಾವ ಬಾಯ್ಲರ್, ಯಾವ ಕಂಪನಿಯದು ಹಾಕಿಸಲಿ?

ಉತ್ತರ: ಒಳ್ಳೆಯ ಕೆಲಸ ಮಾಡಿದ್ದೀರಿ ಮೇಡಂ. ಆ 110 ಯೂನಿಟ್ ಬರೆದು ಕಳಿಸಿದ್ದರಿಂದ ನನ್ನ ಅರ್ಧ ಕೆಲಸ ಮುಗಿಯಿತು. ಸಾಮಾನ್ಯವಾಗಿ ಎಲ್ಲರೂ ಮೊದಲು ಕೇಳುವುದು ಯಾವ ಕಂಪನಿ ಅಂತ. ನನ್ನ ಮಟ್ಟಿಗೆ ಅದು ಕೊನೆಯ ಪ್ರಶ್ನೆ.

ರಿಪೇರಿ ಮಾತು ಮೊದಲು ಮುಗಿಸಿಬಿಡೋಣ. ಬೇಡ. ಎಂಟು ಹತ್ತು ವರ್ಷದ ಬಾಯ್ಲರಿನಲ್ಲಿ ಫ್ಯಾನೋ, ಡೈವರ್ಟರ್ ವಾಲ್ವೋ, ಸರ್ಕ್ಯೂಟ್ ಬೋರ್ಡೋ ಹೋದರೆ ಹಾಕಿಸಿಕೊಂಡು ಸುಮ್ನೆ ಇರಿ ಅನ್ನುತ್ತಿದ್ದೆ. 17 ವರ್ಷದ್ದರಲ್ಲಿ ಹೀಟ್ ಎಕ್ಸ್‌ಚೇಂಜರ್ ಬದಲಿಸಿದರೆ, ಮುಂದಿನ ವರ್ಷ ಪಂಪು, ಅದರ ಮುಂದಿನ ವರ್ಷ ಇನ್ನೊಂದು. ಈಗಿನ್ನೂ ಜೂನ್. ಡಿಸೆಂಬರಿನಲ್ಲಿ ಮನೆಯೆಲ್ಲ ತಣ್ಣಗಾಗಿ, ಮಕ್ಕಳು ಕೋಟು ಹಾಕಿಕೊಂಡು ಕೂತಿರುವಾಗ ಬಾಯ್ಲರ್ ಆರಿಸುವುದಕ್ಕೂ, ಈಗ ಕಿಟಕಿ ತೆರೆದುಕೊಂಡು ಆರಿಸುವುದಕ್ಕೂ ವ್ಯತ್ಯಾಸವಿದೆ. ಆಗ ಯಾರು ನಾಳೆ ಬರುತ್ತಾರೋ ಅವರು ತಂದದ್ದೇ ಬಾಯ್ಲರ್.

ಈಗ ಲೆಕ್ಕ. ಕಾಂಬಿ ಬಾಯ್ಲರ್ ಎರಡು ಕೆಲಸ ಮಾಡುತ್ತದೆ. ಗೋಡೆಯ ರೇಡಿಯೇಟರ್ ಬಿಸಿ ಮಾಡಿ ಕೋಣೆ ಬೆಚ್ಚಗಿಡುವುದು ಒಂದು, ನಲ್ಲಿಗೆ ಬಿಸಿನೀರು ಕೊಡುವುದು ಇನ್ನೊಂದು. ಈ ಎರಡಕ್ಕೂ ಬೇಕಾಗುವ ಶಕ್ತಿಯಲ್ಲಿ ಅಜಗಜಾಂತರ. ಅದು ಗೊತ್ತಾದರೆ ಮೂರು ಕೊಟೇಶನ್ನುಗಳ ಗೊಂದಲ ತಾನೇ ಬಿಡಿಸಿಕೊಳ್ಳುತ್ತದೆ.

ನಿಮ್ಮ 110 ಯೂನಿಟ್ ತೆಗೆದುಕೊಳ್ಳಿ. ಒಂದು ಯೂನಿಟ್ ಅಂದರೆ ಒಂದು ಗಂಟೆ ಒಂದು ಕಿಲೋವ್ಯಾಟ್. ಅದರಲ್ಲಿ ಸ್ನಾನ, ಪಾತ್ರೆ, ಒಲೆ ಎಲ್ಲ ಸೇರಿ 15 ಯೂನಿಟ್ ಕಳೆಯಿರಿ. ಉಳಿದದ್ದು 95. ಹಳೇ ಬಾಯ್ಲರ್, ಅದರಲ್ಲಿ ನೂರಕ್ಕೆ 80 ಮಾತ್ರ ಮನೆಗೆ ಮುಟ್ಟಿತು ಅಂತ ಇಟ್ಟುಕೊಳ್ಳಿ. 76 ಯೂನಿಟ್ ಆಯಿತು. 24 ಗಂಟೆಗೆ ಹಂಚಿದರೆ ಗಂಟೆಗೆ 3.2. ಅಂದರೆ ಆ ಮೈನಸ್ 2ರ ದಿನ ನಿಮ್ಮ ಮನೆಯನ್ನು ಬೆಚ್ಚಗಿಡಲು ಸರಾಸರಿ 3.2 ಕಿಲೋವ್ಯಾಟ್ ಸಾಕಾಗಿತ್ತು. ರಾತ್ರಿ ಆಫ್ ಮಾಡಿ ದಿನಕ್ಕೆ 16 ಗಂಟೆ ಮಾತ್ರ ಓಡಿಸಿದ್ದೀರಿ ಅಂದುಕೊಂಡರೂ 5 ಕಿಲೋವ್ಯಾಟ್ ದಾಟುವುದಿಲ್ಲ. ಇನ್ನೂ ಕೆಟ್ಟ ಚಳಿಗೆ ಅಂತ ಸ್ವಲ್ಪ ಸೇರಿಸಿ, 6 ಅನ್ನಿ.

ಆರು! 35 ಎಲ್ಲಿ, 6 ಎಲ್ಲಿ? ನಿಮ್ಮ ಸ್ಮಾರ್ಟ್ ಮೀಟರಿನ ಹಾಗೆ ಯೂನಿಟ್ ತೋರಿಸದ ಹಳೇ ಮೀಟರ್ ಇರುವವರು, ಕ್ಯೂಬಿಕ್ ಮೀಟರ್ ಲೆಕ್ಕವನ್ನು ಸುಮಾರು 11ರಿಂದ ಗುಣಿಸಿದರೆ ಯೂನಿಟ್ ಸಿಗುತ್ತದೆ. ಚಳಿ ಜಾಸ್ತಿ ಇರುವ ದಿನ ಬೆಳಿಗ್ಗೆ ಒಂದು ಸಲ, ಮಾರನೇ ದಿನ ಅದೇ ಹೊತ್ತಿಗೆ ಒಂದು ಸಲ ಬರೆದುಕೊಂಡರೆ ಸಾಕು. ಕೋಣೆ ಎಣಿಸಿ, ರೇಡಿಯೇಟರ್ ಎಣಿಸಿ ಬಾಯ್ಲರ್ ಸೈಜ್ ಹೇಳುವವರ ಲೆಕ್ಕಕ್ಕಿಂತ ನಿಮ್ಮ ಮೀಟರಿನ ಮಾತು ನಿಜ.

ಹಾಗಾದರೆ ಆ 24, 30, 35 ಎಲ್ಲ ಯಾಕೆ? ಸ್ನಾನಕ್ಕೆ. ಬರೀ ಸ್ನಾನಕ್ಕೆ.

ನಮ್ಮೂರಿನ ಕಡೆಯಿಂದ ನೋಡಿದರೆ ಸುಲಭ. ಕಾಂಬಿ ಅಂದರೆ ಇನ್‌ಸ್ಟಂಟ್ ಗೀಸರ್. ನಲ್ಲಿ ತಿರುಗಿಸಿದ ಕೂಡಲೇ ಉರಿ ಹೊತ್ತಿಕೊಂಡು, ಹರಿಯುವ ನೀರನ್ನು ಹರಿಯುತ್ತಿರುವಾಗಲೇ ಕಾಯಿಸಬೇಕು. ಸಿಲಿಂಡರ್ ಅಂದರೆ ಬಚ್ಚಲಿನ ಹಂಡೆ. ಬೆಳಗಿನ ಜಾವ ಒಲೆ ಹಚ್ಚಿ ಕಾಯಿಸಿಟ್ಟರೆ ಮನೆಮಂದಿಯೆಲ್ಲ ಮೊಗೆದುಕೊಳ್ಳಬಹುದು. ಹಂಡೆಗೆ ದೊಡ್ಡ ಉರಿ ಬೇಕಿಲ್ಲ, ಹೊತ್ತು ಬೇಕು. ಗೀಸರಿಗೆ ಹೊತ್ತಿಲ್ಲ, ಅದಕ್ಕೇ ದೊಡ್ಡ ಉರಿ.

ಎಷ್ಟು ದೊಡ್ಡದು? ಇಲ್ಲಿ ಚಳಿಗಾಲದಲ್ಲಿ ನಲ್ಲಿಗೆ ಬರುವ ನೀರು ಐದಾರು ಡಿಗ್ರಿಯಷ್ಟು ತಣ್ಣಗಿರುತ್ತದೆ. ಸ್ನಾನಕ್ಕೆ 40 ಬೇಕು. 35 ಡಿಗ್ರಿ ಏರಿಸಬೇಕು. ಒಂದು ನಿಮಿಷಕ್ಕೆ ಬರುವ ಲೀಟರನ್ನು 35ರಿಂದ, ಆಮೇಲೆ 0.07ರಿಂದ ಗುಣಿಸಿ, ಕಿಲೋವ್ಯಾಟ್ ಬರುತ್ತದೆ. ತಿರುಗಿಸಿ ಲೆಕ್ಕ ಹಾಕಿದರೆ ನಿಮಿಷಕ್ಕೆ 24 ಕಿಲೋವ್ಯಾಟಿನದು 9.8 ಲೀಟರ್ ಕೊಡುತ್ತದೆ, 30ರದ್ದು 12.2, 35ರದ್ದು 14.3. ಒಂದು ಒಳ್ಳೆಯ ಶವರಿಗೆ ಎಂಟರಿಂದ ಹತ್ತು ಲೀಟರ್ ಬೇಕು. ಎರಡು ಶವರ್ ಒಟ್ಟಿಗೆ ಓಡಿದರೆ ಹದಿನಾರರಿಂದ ಇಪ್ಪತ್ತು. ಜನವರಿಯಲ್ಲಿ 35 ಕಿಲೋವ್ಯಾಟಿನದೂ ಅದನ್ನು ಕೊಡಲಾರದು. ಒಂದು ಶವರಿಗೆ 30 ಸಾಕು, ಎರಡಕ್ಕೆ 35 ಸಾಲದು. ನಿಮಗೆ 35 ಅಂದವರು "ಎರಡು ಬಾತ್‌ರೂಮ್ ಇದೆಯಲ್ಲ, ದೊಡ್ಡದಿರಲಿ" ಅಂದಿರಬೇಕು. ಆ ಮಾತು ಎಲ್ಲರ ಬಾಯಲ್ಲೂ ಇದೆ.

ಅತ್ತೆ ಮಾವ ಬರುತ್ತಾರೆ ಅಂದಿರಿ. ಅವರು ಶವರ್ ಕೆಳಗೆ ನಿಲ್ಲುವವರೋ, ಬಕೆಟ್ಟು ಚೊಂಬು ಕೇಳುವವರೋ? ಇಲ್ಲಿನ ಕನ್ನಡದವರ ಮನೆಗಳಲ್ಲಿ ನಾನು ನೋಡದ ಬಾತ್‌ಟಬ್ ಇಲ್ಲ, ಆ ಟಬ್ಬಿನೊಳಗೆ ಒಂದು ಬಕೆಟ್ ಇಲ್ಲದ ಮನೆಯೂ ಅಪರೂಪ. 15 ಲೀಟರಿನ ಬಕೆಟ್ ತುಂಬಲು 24ರದ್ದಕ್ಕೆ ಒಂದೂವರೆ ನಿಮಿಷ, 30ರದ್ದಕ್ಕೆ 73 ಸೆಕೆಂಡ್, 35ರದ್ದಕ್ಕೆ 63 ಸೆಕೆಂಡ್. 30ಕ್ಕೂ 35ಕ್ಕೂ ಬಕೆಟಿಗೆ ಹತ್ತು ಸೆಕೆಂಡ್ ವ್ಯತ್ಯಾಸ. ನರಕ ಚತುರ್ದಶಿಯ ದಿನ ಮನೆಯವರಿಗೆಲ್ಲ ಎಣ್ಣೆ ನೀರು ಹಾಕಿದರೂ ಹತ್ತಾರು ಬಕೆಟ್ಟು, ಉಳಿಯುವುದು ಎರಡು ನಿಮಿಷ.

ಇಷ್ಟೂ ಕಾಗದದ ಲೆಕ್ಕ. ಬಾಯ್ಲರ್ ಎಷ್ಟೇ ದೊಡ್ಡದಿರಲಿ, ರಸ್ತೆಯಿಂದ ಮನೆಗೆ ಬರುವ ನೀರೇ ಕಡಿಮೆ ಇದ್ದರೆ? ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಬಾಯ್ಲರ್ ಹಾಕುವ ಕೆಲಸಕ್ಕೆ ಸೇರಿದ ಹೊಸತು. ಒಂದು ಮನೆಗೆ 35ರ ಕಾಂಬಿ ಹಾಕಿ, ಪೈಪೆಲ್ಲ ಚಂದ ಮಾಡಿ, ಟೀ ಕುಡಿದು ಬಂದೆ. ಮಾರನೇ ದಿನ ಫೋನು. "ಹಳೇದರಲ್ಲಿ ಎಷ್ಟು ಬರುತ್ತಿತ್ತೋ ಇದರಲ್ಲೂ ಅಷ್ಟೇ ಬರುತ್ತಿದೆ, ಏನಪ್ಪಾ ಹಾಕಿದೆ ನೀನು?" ಹೋಗಿ ಅಡುಗೆಮನೆ ನಲ್ಲಿಗೆ ಬಕೆಟ್ ಹಿಡಿದೆ. ನಿಮಿಷಕ್ಕೆ 9 ಲೀಟರ್. ತಣ್ಣೀರೇ ಒಂಬತ್ತು ಬಂದರೆ ಬಿಸಿನೀರು ಹದಿನಾಲ್ಕು ಎಲ್ಲಿಂದ ಬರುತ್ತದೆ? ಆ ಮನೆಗೆ 24ರದ್ದೇ ಸಾಕಿತ್ತು. ಮೊದಲೇ ಒಂದು ಬಕೆಟ್ ಹಿಡಿದಿದ್ದರೆ ಅವರ ದುಡ್ಡೂ ಉಳಿಯುತ್ತಿತ್ತು, ನನ್ನ ಮರ್ಯಾದೆಯೂ ಉಳಿಯುತ್ತಿತ್ತು.

ಹಾಗಾಗಿ ಇವತ್ತೇ ಮಾಡಿ. ಒಳಗೆ ಲೀಟರ್ ಗೆರೆ ಇರುವ ಬಕೆಟ್ ತೆಗೆದುಕೊಳ್ಳಿ. ಮನೆಯಲ್ಲಿ ಬೇರೆಲ್ಲೂ ನೀರು ಓಡುತ್ತಿರಬಾರದು, ವಾಷಿಂಗ್ ಮೆಷಿನ್ ಕೂಡ. ಅಡುಗೆಮನೆಯ ತಣ್ಣೀರು ನಲ್ಲಿ ಪೂರ್ತಿ ತಿರುಗಿಸಿ, 10 ಲೀಟರ್ ಗೆರೆ ಮುಟ್ಟಲು ಎಷ್ಟು ಸೆಕೆಂಡ್ ಅಂತ ಫೋನಿನಲ್ಲಿ ನೋಡಿ. 600ನ್ನು ಆ ಸೆಕೆಂಡಿನಿಂದ ಭಾಗಿಸಿ. 45 ಸೆಕೆಂಡ್ ಆದರೆ ನಿಮಿಷಕ್ಕೆ 13 ಲೀಟರಿಗೆ ಸ್ವಲ್ಪ ಮೇಲೆ. ಬೆಳಿಗ್ಗೆ ಏಳೂವರೆಗೆ, ಬೀದಿಯವರೆಲ್ಲ ಸ್ನಾನ ಮಾಡುವ ಹೊತ್ತಿಗೆ ಇನ್ನೊಂದು ಸಲ ಮಾಡಿ. ಆ ಎರಡನೆಯದೇ ಲೆಕ್ಕಕ್ಕೆ ಬರುವುದು. ಹನ್ನೆರಡಕ್ಕಿಂತ ಕಡಿಮೆ ಬಂದರೆ ಮನೆಯೊಳಗಿನ ಸ್ಟಾಪ್ ಕಾಕ್, ಅಂದರೆ ಇಡೀ ಮನೆಯ ನೀರು ನಿಲ್ಲಿಸುವ ವಾಲ್ವ್, ಪೂರ್ತಿ ತೆರೆದಿದೆಯಾ ನೋಡಿ. ಎಷ್ಟೋ ಮನೆಗಳಲ್ಲಿ ಯಾರೋ ಎಂದೋ ಅರ್ಧ ತಿರುಗಿಸಿ ಬಿಟ್ಟಿರುತ್ತಾರೆ.

ಸಿಲಿಂಡರ್ ಬಗ್ಗೆ. ಮೂರನೆಯವರು ಹೇಳಿದ್ದು ತಪ್ಪಲ್ಲ. ಎರಡು ಶವರ್ ಒಟ್ಟೊಟ್ಟಿಗೆ ಓಡಲೇಬೇಕು ಅನ್ನುವ ಮನೆಗೆ ಅದೇ ಸರಿ. ಆದರೆ ಈಗಿನ ಅನ್‌ವೆಂಟೆಡ್ ಸಿಲಿಂಡರ್ ಬಿಸಿನೀರನ್ನು ರಸ್ತೆಯ ನೀರಿನ ಒತ್ತಡದಲ್ಲೇ ತಳ್ಳುತ್ತದೆ. ಬಕೆಟ್ ಪರೀಕ್ಷೆಯಲ್ಲಿ ಹತ್ತೇ ಲೀಟರ್ ಬಂದರೆ ಸಿಲಿಂಡರ್ ಹಾಕಿಸಿಯೂ ಎರಡು ಶವರಿಗೆ ಅದೇ ಹತ್ತು ಲೀಟರ್ ಹಂಚಿಕೆ. ಇದನ್ನು ಮಾರುವವರು ಹೇಳುವುದಿಲ್ಲ. ಅದಲ್ಲದೆ ಒಂದು ಕಪಾಟಿನಷ್ಟು ಜಾಗ ಹೋಗುತ್ತದೆ, ಇಂಥ ಸಿಲಿಂಡರ್ ಕೆಲಸಕ್ಕೆಂದೇ ಇರುವ ಜಿ3 ಅರ್ಹತೆ ಪಡೆದವರೇ ಹಾಕಬೇಕು, ವರ್ಷಕ್ಕೊಮ್ಮೆ ಅದರ ವಾಲ್ವ್‌ಗಳನ್ನು ನೋಡಬೇಕು, ನೀರನ್ನು 60 ಡಿಗ್ರಿಗೆ ಕಾಯಿಸಬೇಕು, ಇಲ್ಲದಿದ್ದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಭಯ. ಈಗಿರುವ ಕಾಂಬಿ ತೆಗೆದು ಅದಕ್ಕೆ ಹೋಗುವುದು ಬರೀ ಬಾಯ್ಲರ್ ಬದಲಿಸುವ ಕೆಲಸವಲ್ಲ. ಪೈಪು, ವೈರು, ಗೋಡೆ ಎಲ್ಲ ಬಿಚ್ಚಬೇಕು. ಐದಾರು ವರ್ಷಕ್ಕೆ ಮನೆ ಬಿಡುವವರಿಗೆ ನಾನು ಹೇಳುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ಸ್ನಾನಕ್ಕೆ ಹೋಗುವ ಅಭ್ಯಾಸ ನಮ್ಮಲ್ಲಿ ಇದ್ದೇ ಇದೆ ಅಲ್ವಾ?

ಈಗ ಬ್ರೋಷರಿನಲ್ಲಿ ಯಾರೂ ಓದದ ಒಂದು ಸಂಖ್ಯೆಗೆ ಬರೋಣ. ಎಲ್ಲರೂ ದೊಡ್ಡ ಸಂಖ್ಯೆ ನೋಡುತ್ತಾರೆ, 30, 35 ಅಂತ. ನೀವು ಸಣ್ಣದನ್ನು ನೋಡಿ. ಈ ಬಾಯ್ಲರ್ ಉರಿಯನ್ನು ಎಷ್ಟರ ತನಕ ಸಣ್ಣ ಮಾಡಬಲ್ಲದು? ಹಾಲು ಉಕ್ಕದ ಹಾಗೆ ಸ್ಟವ್ ಸಿಮ್‌ನಲ್ಲಿ ಇಡುತ್ತೀರಲ್ಲ, ಅದೇ. ಕೆಲವು ಬಾಯ್ಲರ್‌ಗಳು ಹತ್ತನೇ ಒಂದು ಪಾಲಿಗೆ ಇಳಿಯುತ್ತವೆ, 30ರದ್ದು 3ಕ್ಕೆ. ಕೆಲವು ಐದನೇ ಒಂದು ಪಾಲಿಗೆ ನಿಲ್ಲುತ್ತವೆ, 35ರದ್ದು 7ಕ್ಕೆ. ನಿಮ್ಮ ಮನೆಗೆ ಕೊರೆಯುವ ಚಳಿಯಲ್ಲೇ ಆರು ಸಾಕು. ಅಕ್ಟೋಬರ್, ಮಾರ್ಚ್ ತಿಂಗಳಿನಲ್ಲಿ ಎರಡೋ ಮೂರೋ. ಏಳಕ್ಕಿಂತ ಕೆಳಗೆ ಇಳಿಯದ ಬಾಯ್ಲರ್ ಏನು ಮಾಡುತ್ತದೆ? ಹೊತ್ತಿಕೊಳ್ಳುತ್ತದೆ, ಎರಡು ನಿಮಿಷಕ್ಕೆ ನೀರು ಕಾದು ಆರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ದಿನವಿಡೀ ಇದೇ ಆಟ. ಗ್ಯಾಸೂ ಜಾಸ್ತಿ, ಸವೆತವೂ ಜಾಸ್ತಿ. ಕೊಟೇಶನ್ ಕೊಟ್ಟವರಿಗೆ "ಹೀಟಿಂಗಿಗೆ ಇದರ ಕನಿಷ್ಠ ಔಟ್‌ಪುಟ್ ಎಷ್ಟು?" ಅಂತ ಕೇಳಿ. ತಕ್ಷಣ ಹೇಳಿದರೆ ಅಥವಾ ಪುಸ್ತಕ ತೆಗೆದು ನೋಡಿದರೆ ಒಳ್ಳೆಯವರು. "ಅದೆಲ್ಲ ಏನೂ ಆಗಲ್ಲ" ಅಂದರೆ ಬೇರೆಯವರನ್ನು ನೋಡಿ.

ಇದಕ್ಕೇ ಅಂಟಿಕೊಂಡ ಇನ್ನೊಂದು ವಿಷಯ, ರೇಡಿಯೇಟರಿಗೆ ಹೋಗುವ ನೀರಿನ ಬಿಸಿ. ಇಂಗ್ಲೆಂಡ್, ವೇಲ್ಸ್‌ನಲ್ಲಿ 2005ರ ಏಪ್ರಿಲಿನಿಂದ ಹೊಸ ಗ್ಯಾಸ್ ಬಾಯ್ಲರ್ ಕಂಡೆನ್ಸಿಂಗ್ ಆಗಿರಬೇಕು ಅನ್ನುವ ನಿಯಮ ಬಂತು. ಗ್ಯಾಸ್ ಉರಿದಾಗ ಹೊಗೆಯ ಜೊತೆ ನೀರಾವಿಯೂ ಹೊರಗೆ ಹೋಗುತ್ತದೆ. ಆ ಆವಿಯೊಳಗೆ ಗ್ಯಾಸಿನ ಶಾಖದ ನೂರಕ್ಕೆ ಹತ್ತರಷ್ಟು ಅಡಗಿರುತ್ತದೆ. ಅದನ್ನು ತಣಿಸಿ ನೀರಾಗಿಸಿದರೆ ಆ ಶಾಖ ವಾಪಸ್ಸು ಸಿಗುತ್ತದೆ. ಆದರೆ ರೇಡಿಯೇಟರುಗಳನ್ನೆಲ್ಲ ಸುತ್ತಿ ಬಾಯ್ಲರಿಗೆ ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ. 75 ಡಿಗ್ರಿ ನೀರು ಕಳಿಸಿ 60 ವಾಪಸ್ಸು ಬಂದರೆ, ಹೆಸರಿಗೆ ಕಂಡೆನ್ಸಿಂಗ್, ಕೆಲಸದಲ್ಲಿ ಅಲ್ಲ.

ದುಃಖದ ಸಂಗತಿ ಅಂದರೆ, ಹಾಕಿದವರು 70ಕ್ಕೋ 75ಕ್ಕೋ ಇಟ್ಟು ಹೋಗುತ್ತಾರೆ, ಅದು ಬಾಯ್ಲರ್ ಸಾಯುವ ತನಕ ಅಲ್ಲೇ ಇರುತ್ತದೆ. ನೀವು ನಿಮ್ಮ ಹಳೇ ಬಾಯ್ಲರಿನಲ್ಲೇ ಪ್ರಯೋಗ ಮಾಡಬಹುದಿತ್ತು, ಈಗ ಬಿಡಿ. ಹೊಸದಕ್ಕೆ 55ರಿಂದ ಶುರು ಮಾಡಿ. ಆ ಬಿಸಿಗೆ ರೇಡಿಯೇಟರ್ ಕೊಡುವ ಶಾಖ, ಅದರ ಕ್ಯಾಟಲಾಗಿನಲ್ಲಿ ಬರೆದ ಸಂಖ್ಯೆಯ ಅರ್ಧದಷ್ಟು. ಮುಟ್ಟಿದರೆ ಸುಡುವುದಿಲ್ಲ, ಬೆಚ್ಚಗಿರುತ್ತದೆ. "ರೇಡಿಯೇಟರ್ ಬಿಸಿಯೇ ಇಲ್ಲ" ಅಂತ ಮೊದಲ ವಾರ ಅನ್ನಿಸುತ್ತದೆ. ರೇಡಿಯೇಟರ್ ಮುಟ್ಟಬೇಡಿ, ಗೋಡೆಯ ಥರ್ಮಾಮೀಟರ್ ನೋಡಿ. ಕೋಣೆ 20 ಇದ್ದರೆ ಆಯಿತು. ಯಾವುದೋ ಒಂದು ಕೋಣೆ ಮಾತ್ರ ಬೆಚ್ಚಗಾಗದಿದ್ದರೆ ಅಲ್ಲಿಗೆ ದೊಡ್ಡ ರೇಡಿಯೇಟರ್ ಹಾಕಿಸಿ. ಒಂದು ಕೋಣೆಗೋಸ್ಕರ ಇಡೀ ಮನೆಯ ನೀರನ್ನು 75ಕ್ಕೆ ಕುದಿಸುವುದು ಬೇಡ.

ಇದನ್ನೇ ತಾನಾಗಿ ಮಾಡುವ ಒಂದು ಸಾಮಾನಿದೆ, ವೆದರ್ ಕಾಂಪೆನ್ಸೇಶನ್. ಉತ್ತರದ ಗೋಡೆಗೆ, ಬಿಸಿಲು ಬೀಳದ ಕಡೆ, ಬೆಂಕಿಪೊಟ್ಟಣದಷ್ಟು ಸೆನ್ಸರ್ ಹಾಕುತ್ತಾರೆ. ಹೊರಗೆ 10 ಡಿಗ್ರಿ ಇದ್ದರೆ 40ರ ನೀರು ಕಳಿಸುತ್ತದೆ, ಮೈನಸ್ಸಿಗೆ ಇಳಿದರೆ ತಾನೇ ಏರಿಸುತ್ತದೆ. 2018ರ ಏಪ್ರಿಲಿನಲ್ಲಿ ಬಂದ ಬಾಯ್ಲರ್ ಪ್ಲಸ್ ನಿಯಮದ ಪ್ರಕಾರ ಇಂಗ್ಲೆಂಡಿನಲ್ಲಿ ಕಾಂಬಿ ಹಾಕುವಾಗ ನಾಲ್ಕು ಹೆಚ್ಚುವರಿ ವ್ಯವಸ್ಥೆಗಳಲ್ಲಿ ಒಂದು ಇರಲೇಬೇಕು, ಇದು ಅವುಗಳಲ್ಲೊಂದು. ಎಲ್ಲರೂ ಸ್ಮಾರ್ಟ್ ಥರ್ಮೋಸ್ಟಾಟ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ, ಫೋನಿನಲ್ಲಿ ತಿರುಗಿಸಲು ಚಂದ ಅಂತ. ನನ್ನ ಕೇಳಿದರೆ ಸೆನ್ಸರ್ ಹಾಕಿಸಿ. ಬಾಯ್ಲರ್ ಕಂಪನಿಯದೇ ಕಂಟ್ರೋಲ್ ತೆಗೆದುಕೊಂಡರೆ ಎರಡೂ ಒಂದೇ ಭಾಷೆ ಮಾತಾಡುತ್ತವೆ. ಬೇರೆ ಕಂಪನಿಯ ಥರ್ಮೋಸ್ಟಾಟ್ ಬರೀ ಆನ್, ಆಫ್ ಹೇಳುವುದಕ್ಕೆ ಸೀಮಿತವಾದರೆ, ಸಣ್ಣ ಉರಿಗೆ ಇಳಿಯಬಲ್ಲ ಬಾಯ್ಲರ್ ಕೊಂಡೂ ಪೂರ್ತಿ ಪ್ರಯೋಜನವಿಲ್ಲ.

ಕಂಪನಿ? ವೇಲಂಟ್, ವೂಸ್ಟರ್ ಬಾಷ್, ವೀಸ್ಮನ್, ಐಡಿಯಲ್, ಬ್ಯಾಕ್ಸಿ. ಈ ಐದರಲ್ಲಿ ಯಾವುದಾದರೂ ಆಗಬಹುದು. ನಿಮ್ಮ ಊರಿನಲ್ಲಿ ನಿಮಗೆ ಹಿಡಿಸಿದ ಇಂಜಿನಿಯರ್ ಯಾವುದನ್ನು ಜಾಸ್ತಿ ಹಾಕುತ್ತಾರೋ, ಯಾವುದರ ಬಿಡಿಭಾಗ ಅವರ ವ್ಯಾನಿನಲ್ಲೇ ಇರುತ್ತದೋ ಅದು. ಕಳಪೆ ಕೆಲಸ ಮಾಡಿ ಹಾಕಿದ ದುಬಾರಿ ಬಾಯ್ಲರಿಗಿಂತ ಅಚ್ಚುಕಟ್ಟಾಗಿ ಹಾಕಿದ ಸಾಧಾರಣದ್ದು ಎಷ್ಟೋ ಮೇಲು. ವಾರಂಟಿ ಹತ್ತು ವರ್ಷ ಅಂತ ಇದ್ದರೆ ಕೆಳಗಿನ ಸಣ್ಣ ಅಕ್ಷರ ಓದಿ. ಪ್ರತಿ ವರ್ಷ ಸರ್ವಿಸ್ ಮಾಡಿಸಿ ಪುಸ್ತಕದಲ್ಲಿ ಬರೆಸಿರಬೇಕು. ಒಂದು ವರ್ಷ ತಪ್ಪಿದರೂ ತಕರಾರು ಬರುತ್ತದೆ. "ಹೈಡ್ರೋಜನ್ ರೆಡಿ", ಅಂದರೆ ಮುಂದೆ ಈ ಗ್ಯಾಸಿನ ಬದಲು ಹೈಡ್ರೋಜನ್ ಬಂದರೂ ಓಡುತ್ತದೆ ಅನ್ನುವ ಸ್ಟಿಕ್ಕರಿಗೆ ಒಂದು ಪೆನ್ನಿಯೂ ಜಾಸ್ತಿ ಕೊಡಬೇಡಿ. ಇಂಗ್ಲೆಂಡಿನ ಎಲ್ಸ್‌ಮಿಯರ್ ಪೋರ್ಟ್ ಬಳಿಯ ವಿಟ್ಬಿ, ರೆಡ್‌ಕಾರ್ ಎರಡೂ ಕಡೆ ಮನೆಗಳಿಗೆ ಹೈಡ್ರೋಜನ್ ಕೊಡುವ ಪ್ರಯೋಗವನ್ನು 2023ರಲ್ಲೇ ಕೈಬಿಟ್ಟರು.

ಇನ್ನು ಕೊಟೇಶನ್ನಿನಲ್ಲಿ ಕಾಣದ ವಿಷಯಗಳು. ಅಗ್ಗದ ಕೊಟೇಶನ್ ಯಾಕೆ ಅಗ್ಗ ಅನ್ನುವುದು ಇಲ್ಲೇ ಇರುತ್ತದೆ.

ಯಾವುದಾದರೂ ರೇಡಿಯೇಟರಿನ ಗಾಳಿ ಬಿಡುವ ಸ್ಕ್ರೂವನ್ನು ಕೀಲಿಯಿಂದ ಸ್ವಲ್ಪ ತಿರುಗಿಸಿ, ಒಂದು ಬಿಳಿ ಬಟ್ಟಲು ಹಿಡಿಯಿರಿ. ಬಂದ ನೀರು ಕಪ್ಪು ಕಾಫಿ ಡಿಕಾಕ್ಷನ್ ಹಾಗಿದ್ದರೆ ಅದು ಕಬ್ಬಿಣದ ಕೆಸರು. ರೇಡಿಯೇಟರ್ ಒಳಗಿನಿಂದ ತುಕ್ಕು ಹಿಡಿದು ಆದದ್ದು. ಬಟ್ಟಲಿನ ಹೊರಗೆ ಫ್ರಿಜ್ಜಿನ ಮ್ಯಾಗ್ನೆಟ್ ಹಿಡಿದು ಸರಿಸಿ ನೋಡಿ, ಆ ಕಪ್ಪು ಅದರ ಹಿಂದೆಯೇ ಓಡುತ್ತದೆ. ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ. ರೇಡಿಯೇಟರ್ ಮೇಲೆ ಬಿಸಿ, ಕೆಳಗೆ ತಣ್ಣಗಿದ್ದರೂ ಅದೇ ಕಾರಣ. ನಿಮ್ಮ ಬಾಯ್ಲರಿನ ಕೆಟಲ್ ಸದ್ದಿಗೂ ಇದೇ ಇಲ್ಲವೇ ಸುಣ್ಣದ ಪದರ ಕಾರಣವಿರಬೇಕು. ಈ ಕೆಸರಿಗೆ ಹೊಸ ಬಾಯ್ಲರ್ ಜೋಡಿಸಿದರೆ, ಹೊಸ ಹೀಟ್ ಎಕ್ಸ್‌ಚೇಂಜರಿನ ಸಣ್ಣ ದಾರಿಗಳಲ್ಲಿ ಹೋಗಿ ಕೂರುತ್ತದೆ. ಹಾಗಾಗಿ ಪೈಪುಗಳನ್ನೆಲ್ಲ ತೊಳೆಯುವುದು, ಮ್ಯಾಗ್ನೆಟ್ ಫಿಲ್ಟರ್ ಹಾಕುವುದು, ತುಕ್ಕು ತಡೆಯುವ ಇನ್‌ಹಿಬಿಟರ್ ಸುರಿಯುವುದು, ಈ ಮೂರೂ ಕೊಟೇಶನ್ನಿನಲ್ಲಿ ಬರೆದಿರಬೇಕು. ಬಾಯಿಮಾತು ಬೇಡ.

ರೆಡಿಂಗ್ ನೀರು ಗಡಸು ನೀರು, ಸುಣ್ಣ ಜಾಸ್ತಿ. ನಿಮ್ಮ ಕೆಟಲ್ ತಳ ನೋಡಿದರೆ ಗೊತ್ತಾಗುತ್ತದೆ. ತಣ್ಣೀರು ಬಾಯ್ಲರಿಗೆ ಬರುವ ಪೈಪಿಗೆ ಸುಣ್ಣ ತಡೆಯುವ ಫಿಲ್ಟರ್ ಹಾಕಿಸಿ. ಬಿಸಿನೀರನ್ನು 60ಕ್ಕೆ ಇಟ್ಟು ಆಮೇಲೆ ತಣ್ಣೀರು ಬೆರೆಸುವ ಬದಲು ಕಾಂಬಿಯಲ್ಲಿ 48, 50ಕ್ಕೇ ಇಡಿ. ನೀರು ಕಾದಷ್ಟೂ ಸುಣ್ಣ ಜಾಸ್ತಿ ಕಟ್ಟುತ್ತದೆ.

ಗ್ಯಾಸ್ ಪೈಪ್ ನೋಡಿಸಿ. ಮೀಟರಿನಿಂದ ಬಾಯ್ಲರಿಗೆ ಬರುವಷ್ಟರಲ್ಲಿ ಒತ್ತಡ 1 ಮಿಲಿಬಾರಿಗಿಂತ ಜಾಸ್ತಿ ಬೀಳಬಾರದು. ನಿಮ್ಮದು 15 ಮಿಲಿಮೀಟರಿನ ಹಳೇ ಪೈಪಾಗಿದ್ದು, ದಾರಿ ಉದ್ದವಿದ್ದರೆ, 30ರದ್ದಕ್ಕೆ 22 ಮಿಲಿಮೀಟರ್ ಎಳೆಯಬೇಕಾಗಬಹುದು. ಇದನ್ನು ಅಳೆಯದೆ ಬೆಲೆ ಹೇಳಿದವರು ಕೆಲಸದ ದಿನ "ಇನ್ನು 300 ಆಗುತ್ತೆ" ಅನ್ನುತ್ತಾರೆ. ಅಥವಾ ಅದಕ್ಕಿಂತ ಕೆಟ್ಟದ್ದು, ಏನೂ ಅನ್ನದೆ ಹಾಗೇ ಜೋಡಿಸಿ ಹೋಗುತ್ತಾರೆ.

ಆಮೇಲೆ ಕಂಡೆನ್ಸೇಟ್ ಪೈಪ್. ಇದನ್ನು ಹೇಳದೆ ಬಿಡಲಾರೆ. ಆವಿ ನೀರಾಯಿತಲ್ಲ, ಆ ನೀರು ಹೊರಗೆ ಹೋಗುವ ಪ್ಲಾಸ್ಟಿಕ್ ಪೈಪ್. 2010ರ ಡಿಸೆಂಬರಿನಲ್ಲಿ ಇಲ್ಲಿ ಬಿದ್ದ ಚಳಿಗೆ ಊರೂರೇ ಈ ಪೈಪ್ ಹೆಪ್ಪುಗಟ್ಟಿ ಬಾಯ್ಲರ್‌ಗಳು ನಿಂತವು. ಬೆಳಿಗ್ಗೆ ಆರಕ್ಕೆ ಶುರುವಾದ ಫೋನು ರಾತ್ರಿ ಹತ್ತರ ತನಕ. ಬಾಯ್ಲರಿಗೆ ಏನೂ ಆಗಿರಲಿಲ್ಲ, ಹೊರಗಿನ ಗೋಡೆಯ ಮೇಲೆ ಬೆರಳುದ್ದದ ಮಂಜುಗಡ್ಡೆ ಅಷ್ಟೇ. ಒಬ್ಬ ಅಜ್ಜಿ ಬಿಸಿನೀರಿನ ರಬ್ಬರ್ ಚೀಲವನ್ನು ಆ ಪೈಪಿಗೆ ಸ್ಕಾರ್ಫಿನಿಂದ ಕಟ್ಟಿ, ನಾನು ಹೋಗುವಷ್ಟರಲ್ಲಿ ಬಾಯ್ಲರ್ ಹಚ್ಚಿಕೊಂಡು ಕೂತಿದ್ದರು. ಅವರ ಹತ್ತಿರ ದುಡ್ಡು ತೆಗೆದುಕೊಳ್ಳಲು ನಾಚಿಕೆಯಾಯಿತು. ಆ ಪೈಪ್ ಆದಷ್ಟೂ ಮನೆಯೊಳಗೇ ಓಡಿ ಒಳಗಿನ ಡ್ರೈನಿಗೆ ಸೇರಲಿ. ಹೊರಗೆ ಹೋಗಲೇಬೇಕಾದರೆ ಕನಿಷ್ಠ 32 ಮಿಲಿಮೀಟರ್ ದಪ್ಪ ಇರಲಿ, ಇಳಿಜಾರಿರಲಿ, ಮೇಲೆ ಮಳೆಗೆ ನೆನೆಯದ ಹೊದಿಕೆ ಇರಲಿ. ಕಟ್ಟಿಕೊಂಡರೆ ಬೆಚ್ಚನೆ ನೀರು ಹಾಕಿ, ಕುದಿಯುವ ನೀರು ಬೇಡ.

ಪಕ್ಕದ ಮನೆಯವರ ಹೀಟ್ ಪಂಪ್ ಮಾತಿಗೆ ಬರುತ್ತೇನೆ. ಸುಮ್ನೆ ತಳ್ಳಿಹಾಕುವ ಮಾತಲ್ಲ. ಇಂಗ್ಲೆಂಡ್, ವೇಲ್ಸ್‌ನಲ್ಲಿ 2023ರ ಅಕ್ಟೋಬರಿನಿಂದ 7,500 ಪೌಂಡ್ ಸಹಾಯಧನ ಕೊಡುತ್ತಿದ್ದಾರೆ. 2027ರ ಮಾರ್ಚ್ ಕೊನೆಯ ತನಕ ವ್ಯಾಟ್ ಇಲ್ಲ. ಆರು ಕಿಲೋವ್ಯಾಟಿನ ನಿಮ್ಮ ಮನೆಗೆ ಸಣ್ಣ ಪಂಪೇ ಸಾಕು. ಓಡಿಸುವ ಖರ್ಚು? ಇಲ್ಲಿ ಕರೆಂಟು ಯೂನಿಟ್ಟಿಗೆ ಗ್ಯಾಸಿನ ಸುಮಾರು ನಾಲ್ಕು ಪಟ್ಟು. ಚೆನ್ನಾಗಿ ಹಾಕಿದ ಪಂಪ್ ಒಂದು ಯೂನಿಟ್ ಕರೆಂಟಿಗೆ ಮೂರೂವರೆ ಯೂನಿಟ್ ಶಾಖ ಕೊಟ್ಟರೆ, ಒಳ್ಳೆಯ ಗ್ಯಾಸ್ ಬಾಯ್ಲರಿಗೂ ಅದಕ್ಕೂ ಲೆಕ್ಕ ಸರಿಸಮ. ಹೀಟ್ ಪಂಪಿನವರಿಗೆ ಅಂತಲೇ ಇರುವ ಅಗ್ಗದ ಕರೆಂಟ್ ಪ್ಲಾನ್ ಸಿಕ್ಕರೆ ಇನ್ನೂ ಉಳಿತಾಯ. ಕೆಟ್ಟದಾಗಿ ಹಾಕಿ ಎರಡೂವರೆಗೆ ಬಂದರೆ ಕೈ ಸುಡುತ್ತದೆ.

ಹತ್ತು ಹದಿನೈದು ವರ್ಷ ಅಲ್ಲೇ ಇರುತ್ತೀರಿ, ಸಿಲಿಂಡರಿಗೆ ಜಾಗವೂ ಇದೆ ಅಂತಿದ್ದರೆ ನಾನೇ ಹಾಕಿಸಿ ಅನ್ನುತ್ತಿದ್ದೆ. ನಿಮ್ಮದು ಐದಾರು ವರ್ಷದ ಮಾತು. ಸರ್ವೆ, ರೇಡಿಯೇಟರ್ ಬದಲಿಸುವುದು, ಸಿಲಿಂಡರಿಗೆ ಜಾಗ ಮಾಡುವುದು, ಇದಕ್ಕೆಲ್ಲ ವಾರಗಳೇ ಬೇಕು, ಅಕ್ಟೋಬರಿಗೆ ಮನೆತುಂಬ ಜನ. ಆದರೂ ಹೀಟ್ ಪಂಪ್ ಹಾಕುವವರಿಗೆ ಕೊಡುವ ಎಂಸಿಎಸ್ ಪ್ರಮಾಣಪತ್ರ ಇರುವ ಒಬ್ಬರಿಂದ ಒಂದು ಕೊಟೇಶನ್ ತರಿಸಿ ನೋಡಿ. ಸಹಾಯಧನ ಕಳೆದು ಗ್ಯಾಸ್ ಬಾಯ್ಲರಿನ ಬೆಲೆಗೇ ಬಂದುಬಿಟ್ಟರೆ ಮತ್ತೊಮ್ಮೆ ಯೋಚಿಸಿ. ಹಳೇ ಮನೆಯಲ್ಲಿ ಗ್ಯಾಸ್ ಬಾಯ್ಲರ್ ಬದಲಿಸಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಆ ಹೆದರಿಕೆಯಿಂದ ನಿರ್ಧಾರ ಮಾಡಬೇಡಿ.

ಅಂದಮೇಲೆ ನನ್ನ ಸಲಹೆ: ಬಕೆಟ್ಟಿನಲ್ಲಿ ನಿಮಿಷಕ್ಕೆ 12 ಲೀಟರ್ ಮೇಲೆ ಬಂದರೆ 30ರ ಕಾಂಬಿ, ಮೂರರ ಆಸುಪಾಸಿಗೆ ಇಳಿಯುವಂಥದ್ದು, ಹೊರಗಿನ ಸೆನ್ಸರ್ ಜೊತೆ. ಹತ್ತರ ಹತ್ತಿರ ಬಂದರೆ 24 ಅಥವಾ 25ರದ್ದೇ ತೆಗೆದುಕೊಂಡು ಉಳಿದ ದುಡ್ಡನ್ನು ಪೈಪ್ ತೊಳೆಸಲು, ಫಿಲ್ಟರಿಗೆ ಹಾಕಿ. ಹೀಟಿಂಗಿನ ಗರಿಷ್ಠವನ್ನು ಹತ್ತು ಹನ್ನೆರಡು ಕಿಲೋವ್ಯಾಟಿಗೆ ಇಳಿಸಿಕೊಡಿ ಅಂತ ಹಾಕುವವರಿಗೆ ಹೇಳಿ. ಬಾಯ್ಲರಿನ ಸೆಟಿಂಗಿನಲ್ಲೇ ಆಗುತ್ತದೆ, ಸ್ನಾನದ ನೀರಿಗೆ ಅದರಿಂದ ಕಡಿಮೆಯಾಗುವುದಿಲ್ಲ.

ಬಂದವರ ಗ್ಯಾಸ್ ಸೇಫ್ ಕಾರ್ಡ್, ಅಂದರೆ ಗ್ಯಾಸ್ ಕೆಲಸಕ್ಕೆ ನೋಂದಾಯಿಸಿಕೊಂಡವರ ಗುರುತಿನ ಕಾರ್ಡ್, ಕೇಳಿ ನೋಡಿ. ಹಿಂಬದಿಯನ್ನೂ ನೋಡಿ, ಅವರು ಯಾವ ಯಾವ ಕೆಲಸಕ್ಕೆ ಅರ್ಹರು ಅಂತ ಅಲ್ಲಿರುತ್ತದೆ. ಪರಿಚಯದವರು, ನಮ್ಮೂರಿನವರು, ಕಡಿಮೆಗೆ ಮಾಡಿಕೊಡುತ್ತಾರೆ ಅಂತ ಕಾರ್ಡಿಲ್ಲದವರ ಕೈಗೆ ಗ್ಯಾಸ್ ಕೊಡಬೇಡಿ. ಅದು ಕಾನೂನಿಗೆ ವಿರುದ್ಧ, ಮೇಲಾಗಿ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರಿನಿಂದ ಹೊಸ ಬಾಯ್ಲರ್ ಹಾಕಿದ ಕೋಣೆಗೆ ಅದರ ಅಲಾರಂ ಕಡ್ಡಾಯ. ಕೆಲಸ ಮುಗಿದು ಕೆಲವು ವಾರಕ್ಕೆ ಬಿಲ್ಡಿಂಗ್ ರೆಗ್ಯುಲೇಶನ್ ಸರ್ಟಿಫಿಕೇಟ್ ಅಂಚೆಯಲ್ಲಿ ಬರುತ್ತದೆ. ಬರದಿದ್ದರೆ ಬೆನ್ನು ಹತ್ತಿ ತರಿಸಿಕೊಳ್ಳಿ. ಮನೆ ಮಾರುವಾಗ ಕೊಳ್ಳುವವರ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು.

ಇನ್ನೊಂದೇ ಒಂದು. ಹಾಕಿದವರು ಹೊರಡುವ ಮೊದಲು, ನೀರಿನ ಒತ್ತಡ ಕಡಿಮೆಯಾದಾಗ ತುಂಬಿಸುವುದು ಹೇಗೆ ಅಂತ ನಿಮ್ಮ ಕೈಯಲ್ಲೇ ಮಾಡಿಸಿ ತೋರಿಸಲಿ. ಮುಳ್ಳು 1ಕ್ಕೂ 1.5ಕ್ಕೂ ನಡುವೆ ನಿಲ್ಲಬೇಕು. ಅದನ್ನು ಕನ್ನಡದಲ್ಲಿ ಒಂದು ಚೀಟಿ ಬರೆದು ಬಾಯ್ಲರ್ ಕಪಾಟಿನ ಬಾಗಿಲ ಒಳಗೆ ಅಂಟಿಸಿಡಿ. ನೀವಿಬ್ಬರೂ ಆಫೀಸಿಗೆ ಹೋದ ಮೇಲೆ, ಹಗಲು ಹೊತ್ತು ಮನೆಯಲ್ಲಿ ಇರುವವರು ಮಾವನವರೇ ಅಲ್ವಾ?